ಹೆಸರು ಬಾವಿ ತೋಡಲಿಲ್ಲ

ಪ್ಲಮ್ ಹಳ್ಳ, ನೆಬ್ರಾಸ್ಕಾ
ಶುಕ್ರವಾರ, ಮಾರ್ಚ್ 20, 1874

ನಮ್ಮ ಮರ್ಸಿಯ ಅಪ್ಪನಿಗೆ,

ಎದೆಯ ಕೆಮ್ಮು ಹೇಗಿದೆ? ರಾಜಧಾನಿಯಲ್ಲಿ ಮಾರ್ಚ್ ಗಾಳಿ ಇಲ್ಲಿಗಿಂತ ಕೆಟ್ಟದ್ದಂತೆ. ಭಾಷಣದ ಹುರುಪಿನಲ್ಲಿ ನೀವು ಕೋಟು ಬಿಚ್ಚಿಡುವ ಅಭ್ಯಾಸ ನನಗೆ ಗೊತ್ತು, ಬಿಚ್ಚಬೇಡಿ. ಕಳಿಸಿದ ಉಣ್ಣೆ ಅಂಗಿ ಸಿಕ್ಕಿತೋ ಇಲ್ಲವೋ ನೀವು ಬರೆಯಲಿಲ್ಲ. ದಾರಿಯಲ್ಲಿ ಕಳೆದುಹೋಯಿತೇನೋ, ಇಲ್ಲ ತೋಳು ಗಿಡ್ಡವಾಯಿತೇನೋ ಎಂದು ದಿನಕ್ಕೆ ಹತ್ತು ಸಲ ಯೋಚಿಸುತ್ತೇನೆ. ಮರ್ಸಿ ಚೆನ್ನಾಗಿದ್ದಾಳೆ, ಎರಡು ಹಲ್ಲು ಬಿದ್ದವು. ಮಣ್ಣಿನ ಮಾಡು ಉತ್ತರದ ಮೂಲೆಯಲ್ಲಿ ಸೋರುತ್ತಿದೆ. ಹೆಂಟೆಗಳು ನೆನೆದು ತಲೆಯ ಮೇಲೆ ಕುಸಿದರೆ ಏನು ಗತಿ ಎಂದು ಮಗುವಿನ ಹಾಸಿಗೆಯನ್ನು ಬಾಗಿಲ ಬಳಿ ಹಾಕಿದ್ದೇನೆ. ಬಾಗಿಲ ಬಳಿ ಹಾವು ಬಂದರೆ ಎಂಬ ಭಯ ಬೇರೆ.

ನಾನು ಶಾಲೆಗೆ ಹೋದದ್ದು ಎರಡೇ ಚಳಿಗಾಲ. ಉಳಿದ ಅಕ್ಷರವೆಲ್ಲ ನಿಮ್ಮ ವಕಾಲತ್ತಿನ ಕಾಗದ ನಕಲು ಮಾಡಿ ಕಲಿತದ್ದು. ಅದಕ್ಕೇ ನನ್ನ ಕಾಗದ ಒಮ್ಮೊಮ್ಮೆ ಕೋರ್ಟಿನ ಹಾಗೆ ಕೇಳಿಸುತ್ತದೆ, ಬೇಸರಪಡಬೇಡಿ. ಡಾರ್ಕಸ್ ಮುದುಕಿಯ ಮೊಕದ್ದಮೆ ನೆನಪಿದೆಯೇ? ಗಂಡ ಚಿನ್ನ ಹುಡುಕಲು ಹೋದವನು ತಿರುಗಿ ಬರಲಿಲ್ಲ, ಊರವರು ಅವಳ ಜಮೀನಿಗೆ ಬಾಯಿ ಹಾಕಿದರು. ಅಂಗಡಿಯ ಹಿಂಬದಿಯಲ್ಲಿ ನಡೆದ ವಿಚಾರಣೆಯಲ್ಲಿ ಹಿಟ್ಟಿನ ಪೀಪಾಯಿ ಮೇಲೆ ಕೈ ಬಡಿದು ನೀವು ಕೇಳಿದಿರಿ: "ಇಷ್ಟು ವರ್ಷ ಒಲೆ ಹಚ್ಚಿದವಳು ಯಾರು ಸ್ವಾಮಿ? ಕಾಗದದಲ್ಲಿ ಗಂಡನ ಹೆಸರಿತ್ತು, ಸರಿ. ಹೆಸರು ಬಾವಿ ತೋಡಲಿಲ್ಲ!" ಗಂಡಸರೂ ಕಣ್ಣು ಒರೆಸಿಕೊಂಡರು, ಜಮೀನು ಅವಳಿಗೇ ಉಳಿಯಿತು. ಆ ಮಾತಿನಿಂದಲೇ ನಿಮಗೆ ಹೆಸರು ಬಂತು, ಆ ಹೆಸರಿನಿಂದ ಓಟು. ನಾನು ಅದನ್ನು ಮೂರು ಪ್ರತಿ ಬರೆದಿದ್ದೆ, ಬೆರಳು ಊದಿತ್ತು. ನಮ್ಮ ಬಾವಿಯನ್ನು ಒಳಗಿಳಿದು ತೋಡಿದವಳೂ ನಾನೇ. ನಿಮ್ಮ ಅಂಗೈ ಮೆತ್ತಗೆ ಎಂದು ಹಗ್ಗ ಹಿಡಿಸಿದ್ದೆ.

ಐದು ವರ್ಷ ವಾಸವಿದ್ದು ಉತ್ತು ಬಿತ್ತಿದರೆ ಸರ್ಕಾರದ ನೂರ ಅರವತ್ತು ಎಕರೆ ನಮ್ಮದು, ಆರು ತಿಂಗಳು ಬಿಟ್ಟುಹೋದರೆ ಹೋಯಿತು. ಕಾನೂನನ್ನು ನಿಮ್ಮ ಬಾಯಿಂದಲೇ ಕೇಳಿದ್ದು. ಬೇಸಿಗೆ ಬಂದರೆ ಐದು ತುಂಬುತ್ತಿತ್ತು. ನೀವು ಹೋಗಿ ಎಂಟು ತಿಂಗಳಾಯಿತು. ಹೆಂಡತಿ ಇದ್ದಾಳಲ್ಲ ಎಂದು ಜನ ಸುಮ್ಮನಿರುತ್ತಿದ್ದರೇನೋ. ಆದರೆ ಆ ಕಡೆಯ ಕ್ಷೇತ್ರದಿಂದ ಶಾಸನಸಭೆಗೆ ನಿಲ್ಲಬೇಕೆಂದು, "ನನ್ನ ಮನೆ ಇರುವುದು ರಾಜಧಾನಿಯಲ್ಲೇ, ಬೇರೆಲ್ಲೂ ನನಗೆ ಮನೆಯಿಲ್ಲ" ಎಂದು ಬೈಬಲ್ ಮುಟ್ಟಿ ಪ್ರಮಾಣ ಮಾಡಿಬಿಟ್ಟಿರಲ್ಲ! ಪತ್ರಿಕೆಯಲ್ಲಿ ಬಂದದ್ದನ್ನು ಅಂಗಡಿಯಲ್ಲಿ ಎಲ್ಲರ ಮುಂದೆ ನಮ್ಮ ನೆರೆಯ ಓರಿನ್ ಟಬ್ಸ್ ಗಟ್ಟಿಯಾಗಿ ಓದಿದ. "ಏನಮ್ಮಾ ಹುಲ್ಡಾ, ಸಾಹೇಬರಿಗೆ ಇಲ್ಲಿ ಮನೆಯೇ ಇಲ್ಲವಂತೆ. ಹಾಗಾದ್ರೆ ನೀನು ಯಾರ ಮನೇಲಿದ್ದೀಯ ತಾಯಿ?" ಎಂದ. ನಕ್ಕರು. ನಾನು ಉಪ್ಪು ಕೊಳ್ಳುವುದನ್ನು ಮರೆತು ಬಂದೆ. ಮರುವಾರವೇ ಅವನು ಜಮೀನು ಕಚೇರಿಯಲ್ಲಿ ತಕರಾರು ಹಾಕಿದ: ಮನೆಯವನು ಬಿಟ್ಟುಹೋಗಿದ್ದಾನೆ, ಜಾಗ ನನಗೆ ಕೊಡಿ ಎಂದು.

ಗುರುವಾರ ವಿಚಾರಣೆ, ಬಂದು ಒಂದು ಮಾತು ಹೇಳಿ ಎಂದು ಮೂರು ಕಾಗದ ಬರೆದೆ. ನಿಮ್ಮಿಂದ ಬಂದದ್ದು ಎರಡೇ ಸಾಲು: "ಅಧಿವೇಶನ ನಡೆಯುತ್ತಿದೆ. ಈಗ ಅದನ್ನು ಕೆದಕಬೇಡ." ಏಕೆಂದು ನನಗೂ ಅರ್ಥವಾಗುತ್ತದೆ. ಇಲ್ಲಿ ಮನೆ ಇದೆ ಎಂದರೆ ಅಲ್ಲಿ ಕುರ್ಚಿ ಹೋಗುತ್ತದೆ. ಆದರೂ ಬುಧವಾರ ಸಂಜೆಯವರೆಗೆ ದಾರಿ ನೋಡಿದೆ. ದೂರದಲ್ಲಿ ಧೂಳು ಎದ್ದಾಗಲೆಲ್ಲ ಕೆಟಲ್ ಒಲೆಗಿಟ್ಟೆ. ಮೂರು ಸಲ ನೀರು ಕುದಿದು ಬತ್ತಿತು.

ದೇವರು ನಿಮ್ಮ ಎದೆ ಬೆಚ್ಚಗಿಡಲಿ. ರಾತ್ರಿ ಕಿಟಕಿ ಮುಚ್ಚಿ ಮಲಗಿ. ಮರ್ಸಿ ಮುತ್ತು ಕಳಿಸಿದ್ದಾಳೆ.

ಹುಲ್ಡಾ

ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗಿಟ್ಟೆ: ನಿನ್ನೆ ವಿಚಾರಣೆಗೆ ನಾನೇ ಹೋದೆ. ಅಧಿಕಾರಿ, "ಗಂಡ ಬದುಕಿದ್ದಾನೇನಮ್ಮಾ?" ಎಂದು ಕೇಳಿದ. "ಇದ್ದಾರೆ ಸ್ವಾಮಿ, ಪತ್ರಿಕೆಯಲ್ಲಿ ಬರುತ್ತಿರುತ್ತಾರೆ" ಎಂದೆ. ಟಬ್ಸನೂ ನಕ್ಕ. ಗಂಡ ನನ್ನನ್ನು ಬಿಟ್ಟುಹೋಗಿದ್ದಾರೆ, ಜಾಗ ಬಿಡದೆ ಇದ್ದವಳು ನಾನು ಎಂದು ಬೈಬಲ್ ಮುಟ್ಟಿ ಹೇಳಿದೆ. ಸಾಕ್ಷಿಗೆ ನಿಮ್ಮ ಪ್ರಮಾಣ ಅಚ್ಚಾದ ಪತ್ರಿಕೆ ಇಟ್ಟೆ, ಅದರ ಮೇಲೆ ಡಾರ್ಕಸ್ ಮೊಕದ್ದಮೆಯ ನನ್ನ ನಕಲು. ಅಧಿಕಾರಿ ಎರಡನ್ನೂ ಓದಿ, ಜಮೀನಿನ ದಾಖಲೆಯಲ್ಲಿ ನಿಮ್ಮ ಹೆಸರಿಗೆ ಗೀಟು ಹಾಕಿ ನನ್ನದು ಬರೆದ. ಟಬ್ಸ್ ಟೋಪಿ ಎತ್ತಿಕೊಂಡು ಹೋದ.

ಈ ಕಡೆ ಬರುವುದಿದ್ದರೆ ಬೇಲಿಯ ಹೊರಗೇ ನಿಂತು ಕೂಗಿ. ಹೊಸ ನಾಯಿ ಸಾಕಿದ್ದೇನೆ. ಅದು ನಿಮ್ಮನ್ನು ನೋಡಿಲ್ಲ, ಕಚ್ಚೀತು ಎಂದು ನನಗೆ ಭಯ.