ದೇವರ ಟಗರಿಗೆ ಸೂಜಿ

ಕುಳಗೇರಿ ಕ್ರಾಸ್,
೧೨ ಫೆಬ್ರುವರಿ ೨೦೨೫, ಬುಧವಾರ

ರಾಜಶ್ರೀ ಅಪ್ಪಾರಿಗೆ, ನಿಮ್ಮ ಮನ್ಯಾಕಿ ಮಾಯವ್ವನ ಶರಣು.

ಹೆಂಗದೀರಿ? ಹಲ್ಲುನೋವು ಕಡಿಮಿ ಆತೋ ಇಲ್ಲೋ? ಲವಂಗ ಕಟ್ಟಿ ಕೊಟ್ಟಿದ್ನಿ, ಅದು ಚೀಲದ ಬುಡದಾಗನ ಇರ್ತೈತಿ, ನನಗ ಗೊತ್ತೈತಿ. ಹುನಗುಂದದ ಕಡೆ ಕರಿ ಹೊಲದಾಗ ಕುರಿ ನಿಲ್ಲಿಸೀರಂತ. ಹಿಕ್ಕಿ ಗೊಬ್ಬರ ಬೀಳೂತನಕ ಹೊಲದವ್ರು ನಿಮ್ಮನ್ನ ಅಳಿಯಾನಂಗ ನೋಡ್ಕೋತಾರ, ಆಮ್ಯಾಲೆ ಯಾರು ಕೇಳ್ತಾರ? ಅಷ್ಟರಾಗ ಹೊಟ್ಟಿ ತುಂಬ ಉಣ್ರಿ. ಮಗಳು ರಾಜಶ್ರೀ ವಿದ್ಯಾಗಿರಿ ಕಾಲೇಜಿಗೆ ಹೊಳ್ಳಿ ಹೋದ್ಳು, ಆಕಿ ಆರಾಮ ಅದಾಳ.

ಇದನ್ನೆಲ್ಲ ಫೋನಿನ್ಯಾಗ ಹೇಳಬಹುದಿತ್ತು. ಆದ್ರ ನೀವು ಅರ್ಧ ಕೇಳಿ "ಆತು, ಇಡು" ಅಂತೀರಿ. ಚೀಟಿಗಿ ಹಂಗ ಅನ್ನಾಕ ಬರಂಗಿಲ್ಲ. ಮೊದಲ ಕೆಟ್ಟ ಸುದ್ದಿ ಹೇಳಿಬಿಡ್ತೇನಿ. ನೀವು ಬಿಟ್ಟು ಹೋದ ಗಬ್ಬದ ಕುರಿಯೊಳಗ ಮತ್ತ ಮೂರು, ದಿನ ತುಂಬೂದಕ್ಕ ಮೊದಲ ಸತ್ತ ಮರಿ ಹಾಕಿದ್ವು. ಈ ಸಲ ಹನ್ನೊಂದಾದ್ವು. ಹಿಂಗ ನಡದ್ರ ನಮ್ಮ ಹಟ್ಟಿ ಉಳಿಯಂಗಿಲ್ಲ. ಒಂದೊಂದನ್ನೂ ನಾನ ಎತ್ತಿ ಒಯ್ದು ಹುಗದೀನಿ. ಅತ್ತೀನಿ ಭಾಳ, ನಿಮ್ಮ ಮುಂದ ಮುಚ್ಚಿಡೂದೇನೈತಿ.

ಹೋದ ತಿಂಗಳ ಇಳಕಲ್ಲಿನ ಡಾಕ್ಟರ್ ರೂಬಿ ಅಂತ ಒಬ್ರು ಬಂದ್ರು. ಊರೂರು ತಿರಗಿ ಕುರಿ ರೋಗದ ಸಂಶೋಧನಾ ಮಾಡ್ತಾರ. ನಮ್ಮ ರಾಜಶ್ರೀಕಿಂತ ನಾಕೈದು ವರ್ಷ ದೊಡ್ಡಾಕಿ ಅಷ್ಟ, ಆದ್ರ ಕುರಿ ಹಿಡಿಯೂದರಾಗ ನಿಮಗೂ ಕಡಿಮಿ ಇಲ್ಲ, ಸಿಟ್ಟಾಗಬ್ಯಾಡ್ರಿ. ಕುರಿ ಕುತಿಗ್ಯಾಗಿಂದ ರಕ್ತ ತಗದು ಸಣ್ಣ ಶೀಸೆದಾಗ ನಿಲ್ಲಿಸ್ತಾರ. ತಾಸೆರಡು ತಾಸಿಗೆ ಕೆಂಪು ಕೆಳಗ ಗಟ್ಟಿ ಆಗಿ ಮ್ಯಾಲ ತಿಳಿನೀರು ಬರ್ತೈತಿ. ಆ ನೀರಿಂದು ಒಂದು ಹನಿ, ಅವ್ರ ಗುಲಾಬಿ ಬಣ್ಣದ ಔಷಧದ್ದು ಒಂದು ಹನಿ, ಬಿಳಿ ಬಿಲ್ಲೆ ಮ್ಯಾಲ ಕೂಡಿಸಿ ಅಲ್ಲಾಡಿಸ್ತಾರ. ರೋಗ ಇಲ್ಲಂದ್ರ ಹಂಗ ನುಣ್ಣಗ ಇರ್ತೈತಿ, ಇದ್ರ ಹಾಲು ಒಡದಂಗ ಒಡಿತೈತಿ. ನಾ ಒಲಿ ಮ್ಯಾಲಿನ ಬ್ಯಾಳಿ ಮರತು ಅಲ್ಲೇ ಕುಂತು ನೋಡಿದ್ನಿ. ಸತ್ತ ಮರಿ ಹಾಕಿದ ಕುರೀದು ಎಲ್ಲಾವೂ ಒಡದ್ವು. ಕಂದು ರೋಗ ಅಂದ್ರು, ಗಬ್ಬ ಕೆಡಸತೈತಿ, ಟಗರು ಕೂಡಿದ್ರೂ ಕುರಿಗೆ ಹತ್ತತೈತಿ ಅಂತ.

ನಮ್ಮ ಎರಡೂ ಟಗರಿಂದು ಮಾತ್ರ ನುಣ್ಣಗ! ಹೊಸಾ ಕುರಿ ತಂದಿಲ್ಲ, ಹೊರಗಿನ ಟಗರು ಬಂದಿಲ್ಲ, ಮತ್ತ ರೋಗ ಎಲ್ಲಿಂದ ಬಂತು? ಡಾಕ್ಟರ್ ತಲಿ ಕೆರಕೊಂಡ್ರು. "ಮಾಯವ್ವಾರ, ಮತ್ತೊಂದು ಟಗರು ಇಲ್ಲೇನ್ರಿ?" ಅಂತ ಮೂರು ಸಲ ಕೇಳಿದ್ರು. ಇಲ್ರಿ ಅಂದ್ನಿ. ಬೀರಪ್ಪನ ಆಣಿ, ನಾ ಸುಳ್ಳು ಹೇಳಲಿಲ್ಲ.

ಅವ್ರು ಹೋದ್ರೂ ನನ್ನ ತಲ್ಯಾಗಿನ ಹುಳಾ ಹೋಗಲಿಲ್ಲ. ಮರದಿನ ರೊಟ್ಟಿ ಬಡಿಯಾಕ ಕುಂತಿದ್ನಿ, ಬಾಗಲದಾಗ ಬೀರಪ್ಪಗ ಬಿಟ್ಟ ಟಗರು ಬಂದು ನಿಂತು ಹಿಟ್ಟಿನ ಬುಟ್ಟಿಗೆ ಬಾಯಿ ಹಾಕ್ತು. ಕೈ ಹಂಗ ನಿಂತ್ವು ನೋಡ್ರಿ. ಕಂಕುಳಾಗ ಕೂಸು ಇಟಗೊಂಡು ಊರೆಲ್ಲ ಹುಡುಕಿದಂಗ ಆತು! ಅದು ದೇವರದ್ದು, ನಮ್ಮದಲ್ಲ, ಅದಕ್ಕ ನಮ್ಮ ಟಗರಿನಾಗ ಯಾರೂ ಎಣಸಂಗಿಲ್ಲ. ಆದ್ರ ಊರಾಗಿನ ನಾಕೂ ಹಟ್ಟಿಗೆ ಹೋಗ್ತೈತಿ, ಹೋದಲ್ಲೆಲ್ಲ ಪುಣ್ಯ ಅಂತ ಕುರಿಯೊಳಗ ಬಿಡ್ತೇವಿ. ರೋಗಕ್ಕ ದೇವರದು ಯಾವುದು, ನಮ್ಮದು ಯಾವುದು ಅಂತ ಏನು ಗೊತ್ತು?

ದೇವರ ಟಗರಿಗೆ ಕಬ್ಬಣ ತಾಗಿಸಬಾರದು ಅಂತ ನಿಮ್ಮಪ್ಪ ಹೇಳಿದ್ದು ನನಗ ನೆನಪಿಲ್ಲಂತಲ್ಲ. ಮೂರು ದಿನ ತಡದ್ನಿ. ನಾಕನೇ ದಿನ ಮತ್ತೊಂದು ಕುರಿ ಸತ್ತ ಮರಿ ಹಾಕ್ತು. ಸಾಕಾತು ನನಗ. ಬೀರಪ್ಪನೂ ಕುರಿ ಕಾಯ್ದಾಂವ, ಮರಿ ಸಾಯೂದ ನೋಡ್ಕೋತ ಕುಂಡ್ರಾಂವಲ್ಲ ಅಂತ ಕಾಯಿ ಒಡಿಸಿ, ಡಾಕ್ಟರಿಗೆ ಫೋನ್ ಹಚ್ಚಿದ್ನಿ. ಟಗರಿನ ಕೋಡು ಹಿಡದಾಕಿ ನಾನ, ಬ್ಯಾರೇ ಯಾರ ಮ್ಯಾಲೂ ತಪ್ಪು ಹೊರಸಬ್ಯಾಡ್ರಿ. ಸೂಜಿ ಚುಚ್ಚಿದಾಗ ಅದು ಒಂದು ಸಲ ಒದರಿ ಸುಮ್ಮನಾತು. ಆ ಹನಿ ಬಿಲ್ಲೆ ಮ್ಯಾಲ ತಿರಗೂದ ತಡ, ಎಣ್ಣಿ ಬಾಣಲ್ಯಾಗ ನೀರು ಬಿದ್ದಂಗ ನನ್ನ ಎದಿ ಚಟಚಟ ಅಂತಿತ್ತು. ಒಡೀತು. ಬಾಗಲಕೋಟಿ ಲ್ಯಾಬಿಗೆ ಕಳಸಿದ ರಕ್ತದ್ದೂ ಅದ ಉತ್ತರ ಬಂತು.

ಈಗ ಟಗರು ಗುಡಿ ಹಿಂದ ಬ್ಯಾರೇ ಇರ್ತೈತಿ. ಮೇವು, ನೀರು, ಪೂಜಿ ಎಲ್ಲಾ ಅದಕ್ಕ ಅಲ್ಲೇ. ಉಳಿದ ಮೂರು ಹಟ್ಟಿಯವ್ರಿಗೂ ನಾನ ಹೋಗಿ ಹೇಳಿ ಬಂದ್ನಿ. ಅವ್ರಾಗ ಒಬ್ಬಾಕಿ, ಜಯಶ್ರೀ ಅತ್ತಿ, ಬಾಯಿಗೆ ಬಂದಂಗ ಬೈದ್ಳು, "ದೇವರಿಗೇ ರೋಗ ಹಚ್ಚಿದ್ಯಾ" ಅಂದ್ಳು. ನಿನ್ನಿ ಸಂಜಿಕ ಆಕಿನ ಬಂದು, ನಮ್ಮ ಕುರೀದೂ ರಕ್ತ ತಗಸೋಣೇನ ಅಂತ ಮೆಲ್ಲಕ ಕೇಳಿದ್ಳು. ಅವ್ರವೂ ಐದು ಹಾಕ್ಯಾವಂತ, ಯಾರಿಗೂ ಹೇಳಿದ್ದಿಲ್ಲ.

ನಿಮ್ಮ ಸಿಟ್ಟು ಬಲ್ಲೆ. ಆದ್ರೂ ನೀವು ಇಲ್ಲಿದ್ರ ಇದನ್ನ ಮಾಡ್ತಿದ್ರಿ ಅಂತ ನನ್ನ ಮನಸು ಹೇಳ್ತೈತಿ. ಬೀರಪ್ಪ ನಿಮ್ಮನ್ನೂ ಕುರೀನೂ ಹೊಲದ ದಾರಿಯೊಳಗ ಕಾಯಲಿ. ಹೊಲದ ಮನಿಯವ್ರಿಗೆ ನನ್ನ ನಮಸ್ಕಾರ ಹೇಳ್ರಿ.

ನಿಮ್ಮ ದಾರಿ ನೋಡಾಕಿ,
ಮಾಯವ್ವ

ಇನ್ನೊಂದು ಮಾತೈತಿ, ಮರತಿದ್ದಲ್ಲ, ಬರಿಯಾಕ ಕೈ ಬರಲಿಲ್ಲ. ಇಮಾಮಹುಸೇನ ನಿಮ್ಮ ಕಡೆ ಬರೂ ಟೆಂಪೋ ಚಾಲೂ ಮಾಡಿ ಹಾರ್ನ್ ಹೊಡಿಯಾಕತ್ತಾನ, ಈ ಚೀಟಿ ಅವನ ಕೈಯಾಗ ಕೊಡ್ತೇನಿ. ಡಾಕ್ಟರ್ ರೂಬಿ ಬೆನ್ನು ಹತ್ತಿ ನನ್ನ ರಕ್ತಾನೂ ಬಾದಾಮಿ ದವಾಖಾನ್ಯಾಗ ತೋರಿಸಿದ್ರು. ನನಗೂ ಅದ ರೋಗ ಐತಿ. ಸತ್ತ ಮರಿ ಬರೀ ಕೈಲೆ ಹಿಡದದ್ದಕ್ಕ ಹತ್ತೇತಂತ. ಆರು ವಾರ ಗುಳಿಗಿ ತಪ್ಪಸಂಗಿಲ್ಲ, ಚಾಲೂ ಮಾಡೀನಿ, ಅಂಜಬ್ಯಾಡ್ರಿ. ಹಸಿ ಹಾಲಿನಿಂದನೂ ಬರ್ತೈತಂತ, ನೀವು ಕುರಿ ಹಾಲು ಕಾಸದ ಕುಡಿಯವ್ರು. ಇಮಾಮಹುಸೇನಗ ಹೇಳೀನಿ, ಈ ಟೆಂಪೋದಾಗನ ನಿಮ್ಮನ್ನ ಹುನಗುಂದ ದವಾಖಾನಿಗೆ ಕರಕೊಂಡು ಹೋಗ್ತಾನ. ಮೊದಲ ರಕ್ತ ಕೊಡ್ರಿ. ಬೈಯೂದು ಆಮ್ಯಾಲೆ ಮನಿಗಿ ಬಂದು ಎಷ್ಟ ಬೇಕಾದ್ರೂ ಬೈರಿ.