ಒಂಬತ್ತು ಗಂಟೆಯ ಗಿರಣಿ

೨೧ ನವೆಂಬರ್ ೧೯೯೬, ಗುರುವಾರ. ಜನ್ನಾಪುರ.

ನಗರಸಭೆಯ ಲೈಸೆನ್ಸ್ ಕೊನೆಗೂ ಕೈಗೆ ಬಂತು. ಹಿಟ್ಟಿನ ಗಿರಣಿಯ ಮೋಟಾರು ಮೂರು ತಿಂಗಳಿಂದ ಗೋಣಿಚೀಲ ಹೊದ್ದು ಕೂತಿತ್ತು. ತಡೆದದ್ದು ಪಕ್ಕದ ಮನೆಯವರ ಒಂದೇ ಒಂದು ಸಹಿ. ಜನಾರ್ದನ ಮೇಷ್ಟ್ರು ಒಪ್ಪಿಗೆ ಪತ್ರವನ್ನು ಮುಟ್ಟಿಯೂ ನೋಡಿರಲಿಲ್ಲ.

"ಬೆಳಗ್ಗೆ ನನ್ನ ಪಾರಾಯಣ ಎಲ್ಲಾ ನಿಮ್ಮ ಮೋಟಾರಿನ ಸದ್ದಲ್ಲಿ ಮುಳುಗಿ ಹೋಗತ್ತಮ್ಮ" ಎಂದಿದ್ದರು.

ಯಾರಾದರೂ ದೊಡ್ಡವರಿಂದ ಹೇಳಿಸೋಣ ಎಂದರು ನಮ್ಮ ಯಜಮಾನರು. ನನಗೆ ಅದು ಬೇಡವಾಗಿತ್ತು. ಒಪ್ಪಿಗೆ ಪತ್ರದ ಕೊನೆಗೆ ನಾನೇ ಬರೆದೆ: ಬೆಳಗ್ಗೆ ಒಂಬತ್ತರವರೆಗೆ ಗಿರಣಿ ಶುರು ಮಾಡುವುದಿಲ್ಲ. ಮೇಷ್ಟ್ರು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡರು, ಸಹಿ ಹಾಕಿದರು.

ಇವತ್ತು ಗುಮಾಸ್ತರು ಅದನ್ನು ನೋಡಿ ನಕ್ಕರು. "ಏನಮ್ಮಾ, ಷರತ್ತು ಹಾಕೋದು ನಮ್ಮ ಕೆಲಸ. ನಿಮಗೆ ನೀವೇ ಹಾಕ್ಕೊಂಡಿದ್ದೀರಲ್ಲ. ಸಹಿ ಹೇಗೂ ಸಿಕ್ಕಿದೆ, ಬಿಟ್ಟುಬಿಡ್ಲಾ?"

"ಬೇಡ ಸಾರ್, ಅದನ್ನೂ ಟೈಪ್ ಮಾಡಿ" ಎಂದೆ.

ನಗರಸಭೆಯ ಮೊಹರಿನ ಮೇಲ್ಗಡೆ ನನ್ನ ಮಾತಿದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಮಾತು. ಬಸ್ಸಿನಲ್ಲಿ ಎಷ್ಟು ಸಲ ತೆಗೆದು ಓದಿದೆನೋ. ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕ ತೂಗುಹಾಕಬೇಕು, ಅದಕ್ಕೂ ಒಂದೆಳೆ ವಿಭೂತಿ...

ಸಂಜೆ ಗುಡಿಸಲು ಹೋದರೆ ಗಿರಣಿಯ ಬಾಗಿಲಲ್ಲಿ ಒಂದು ಡಬ್ಬ ಇತ್ತು. ಒಳಗೆ ಗೋಧಿ. ಮುಚ್ಚಳದ ಮೇಲಿನ ಚೀಟಿಯಲ್ಲಿ ಮೇಷ್ಟ್ರ ದುಂಡು ಅಕ್ಷರ: "ಸರದಿಯಲ್ಲಿ ಮೊದಲು ನಮ್ಮದು."

ನಿದ್ದೆ ಬರುತ್ತಿಲ್ಲ. ಬೆಳಕು ಹರಿಯುತ್ತಲೇ ಸ್ವಿಚ್ಚು ಒತ್ತುವ ಆಸೆ. ಒಂಬತ್ತರವರೆಗೆ ಕಾಯಬೇಕಲ್ಲ, ಹಾಗೆಂದು ಬರೆದುಕೊಟ್ಟವಳೂ ನಾನೇ.