ಐದು ಕಚ್ಚಿನ ಬಾಚಣಿಗೆ

ಮನೆಯಿಂದ
ಡಿಸೆಂಬರ್ ೧೭, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ತಮ್ಮಾ,

ಹೇಗಿದ್ದೀಯಾ? ಬೆನ್ನುನೋವು ತಗ್ಗಿತೇ? ಬೆಲ್ಟು ಬಿಗಿಯದೆ ಲಿಫ್ಟಿನ ಗುಂಡಿಗೆ ಇಳಿಯುವುದಿಲ್ಲ ಎಂದು ಅಮ್ಮನ ಮೇಲೆ ಆಣೆ ಇಟ್ಟಿದ್ದೀಯಲ್ಲ, ಅದನ್ನು ನಂಬಿಕೊಂಡು ಕೂತಿದ್ದೇನೆ. ಹದಿನಾಲ್ಕನೇ ಮಹಡಿಯ ಎತ್ತರದಲ್ಲಿ ತಂತಿಹಗ್ಗ ಬಿಗಿಯುವವನಿಗೆ ನೆಲದ ಮೇಲೆ ಪಾಠ ಮಾಡುವ ಅಕ್ಕ ಬುದ್ಧಿ ಹೇಳಬಾರದು, ಆದರೂ ಹೇಳುತ್ತೇನೆ. ಅಮ್ಮ ಆರಾಮಾಗಿದ್ದಾಳೆ. ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ. ಈಗ ನಮ್ಮನ್ನು ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿಯುತ್ತಾಳೆ. ನಿನ್ನ ಭಾವನಿಗೆ ನೆಗಡಿ, ನನ್ನ ಮಗಳಿಗೆ ಪರೀಕ್ಷೆ, ನನಗೆ ಬೆರಳಿನ ತುಂಬಾ ಗಾಯ. ಯಾಕೆಂದು ಹೇಳುತ್ತೇನೆ. ಫೋನಿನಲ್ಲಿ ಆಡಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ವರ್ಷದ ಕೊನೆಯ ರಜೆಗೆ ಈ ಸಲ ಬಾಚಣಿಗೆ ಮಾಡುತ್ತಿದ್ದೇನೆ. ಅಪ್ಪ ಹಾಕಿಕೊಟ್ಟ ಪದ್ಧತಿ ಬಿಟ್ಟಿಲ್ಲ: ವರ್ಷಕ್ಕೊಂದು ಬಗೆಯ ವಸ್ತು, ಎಲ್ಲವೂ ಒಂದೇ ಹಲಗೆಯಿಂದ, ಮನೆಯವರಿಗೆಲ್ಲ ಒಂದೊಂದು, ಮಾಡಿದವರಿಗೂ ಒಂದು. ಹೆಸರು ಕೆತ್ತುವಂತಿಲ್ಲ, ವಸ್ತುವಿನ ಬೆನ್ನಿನ ಮೇಲೆ ಗುರುತಿನ ಕಚ್ಚು ಹಾಕಬೇಕು. ಅಪ್ಪನಿಗೆ ಒಂದು, ಅಮ್ಮನಿಗೆ ಎರಡು, ಅಪ್ಪನ ಅಕ್ಕ ನಮ್ಮ ಅತ್ತೆಗೆ ಮೂರು, ನನಗೆ ನಾಲ್ಕು, ನಿನಗೆ ಐದು. ಆಮೇಲೆ ಬಂದ ನಿನ್ನ ಭಾವನಿಗೆ ಆರು, ಮಗಳಿಗೆ ಏಳು. ಹೋದವರ ಕಚ್ಚನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. "ಬೋಳುತಲೆ ತಮ್ಮನಿಗೆ ಬಾಚಣಿಗೆ ಕಳಿಸ್ತೀಯಲ್ಲ ಕಣೇ, ಉರಿಸೋದಕ್ಕೂ ಒಂದು ಮಿತಿ ಬೇಡ್ವಾ?" ಎಂದು ನಿನ್ನ ಭಾವ ದಿನಕ್ಕೆರಡು ಸಲ ಕೇಳುತ್ತಾರೆ. ನಗಲಿ ಬಿಡು. ಅವರಿಗೆ ಗೊತ್ತಿಲ್ಲದ್ದು ನಮ್ಮಿಬ್ಬರಿಗೆ ಗೊತ್ತು.

ಅಪ್ಪನ ಕೆಲಸದ ಕೋಣೆಗೆ ನೀನು ಕಾಲಿಡದೆ ಮೂರು ವರ್ಷ. ರಜೆಗೂ ಬರುವುದಿಲ್ಲ. ನಾನು ಯಾಕೆಂದು ಕೇಳಿಲ್ಲ, ನೀನು ಹೇಳಿಲ್ಲ. ಅತ್ತೆಯ ಸೌಟು ನೆನಪಿದೆಯಾ? ಹಂಚಲು ಕೂತಾಗ ಮೂರು ಕಚ್ಚಿನದು ಇರಲೇ ಇಲ್ಲ. "ಮಾಡಿದ್ದೆನಲ್ಲ, ಎಣ್ಣೆ ಹಚ್ಚಿ ಕಿಟಕೀಲಿ ಇಟ್ಟಿದ್ದೆನಲ್ಲ" ಎಂದು ಅಪ್ಪ ಮನೆಯೆಲ್ಲ ಜಾಲಾಡಿದರು. "ಹೋಗ್ಲಿ ಬಿಡೋ, ನನಗೆ ಅಡುಗೆಮನೆಯಿಂದ ಬಿಡುಗಡೆ" ಎಂದು ಅತ್ತೆ ನಕ್ಕರು. ಮುಂದಿನ ರಜೆಗೆ ಅತ್ತೆ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಕನ್ನಡಕದ ಡಬ್ಬಿ ಮಾಡಿದರು. ಆ ಸಲ ಒಂದು ಕಚ್ಚಿನದು ಇರಲಿಲ್ಲ. ಅಪ್ಪ ಮತ್ತದೇ ಮಾತು ಆಡಿದರು, ಒಂದಕ್ಷರ ಬದಲಿಲ್ಲದೆ. "ಅಪ್ಪಾ, ನಿಮ್ಮನ್ನೇ ನೀವು ಮರೆತ್ರಾ? ಮುಂದಿನ ವರ್ಷ ಎರಡು ಮಾಡ್ಕೊಳ್ಳಿ" ಅಂದೆ ನೀನು. ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ತಮ್ಮಾ. ಮುಂದಿನ ರಜೆಗೆ ಅಪ್ಪ ಇರಲಿಲ್ಲ. ಆ ನಗುವನ್ನು ನೀನೊಬ್ಬನೇ ಹೊತ್ತುಕೊಂಡು ತಿರುಗಬೇಡ.

ಈ ವರ್ಷದ ಹಲಗೆ ಅಪ್ಪ ಒಣಗಲೆಂದು ಗೋಡೆಗೆ ಆನಿಸಿಟ್ಟಿದ್ದದ್ದು. ಆರು ತುಂಡು ಬಂತು. ನಾವು ಐದು ಜನ, ಒಂದು ಮಿಗುತ್ತದೆ ಎಂದುಕೊಂಡೆ. ಕೊನೆಯದು ಬುಡದ ಕಡೆಯ ತುಂಡು, ಮಿಕ್ಕವುಗಳ ಎರಡರಷ್ಟು ದಪ್ಪ. ಅಮ್ಮನದು, ನಿನ್ನ ಭಾವನದು, ಮಗಳದು, ನನ್ನದು ಸಲೀಸಾಗಿ ಆದವು. ಹಲ್ಲು ಕೊಯ್ದು, ಉಪ್ಪುಕಾಗದದಲ್ಲಿ ಉಜ್ಜಿ, ಎಣ್ಣೆ ಹಚ್ಚಿ ಕಿಟಕಿಯಲ್ಲಿ ಒಣಗಲು ಇಟ್ಟೆ. ಪದ್ಯದ ಪುಸ್ತಕದಲ್ಲೂ ಮರದ ಪುಡಿ ತುಂಬಿಕೊಂಡಿದೆ, ಹಾಳೆ ತಿರುಗಿಸಿದರೆ ಅಪ್ಪನ ಅಂಗಿಯ ವಾಸನೆ. ತೊಡಕು ಶುರುವಾದದ್ದು ನಿನ್ನದಕ್ಕೆ ಕೈ ಹಾಕಿದಾಗ.

ತುಂಡನ್ನು ಮೇಜಿಗೆ ಬಡಿದು ಅಪ್ಪ ಕಿವಿಗೊಟ್ಟು ಕೇಳುತ್ತಿದ್ದರಲ್ಲ, ಹಾಗೇ ಬಡಿದೆ. ಬಡಿದದ್ದು ಈಗ, ಸದ್ದು ಒಂದು ಕ್ಷಣ ಬಿಟ್ಟು ಬಂತು. ನಡುಮಧ್ಯಾಹ್ನ. ಕಿಟಕಿಯಲ್ಲಿ ಬಿಸಿಲು, ಬೀದಿಯಲ್ಲಿ ಸೈಕಲ್ಲಿನ ಗಂಟೆ. ಹೆದರುವಂಥದ್ದೇನೂ ಇರಲಿಲ್ಲ. ನಾಲ್ಕನೇ ಹಲ್ಲು ಕೊಯ್ಯುವಾಗ ಅದು ಟಕ್ಕನೆ ಮುರಿಯಿತು. ನನ್ನ ಕೈ ಒರಟು ಎಂದುಕೊಂಡು ಇನ್ನೊಂದು ತುಂಡು ತೆಗೆದೆ. ಅದರಲ್ಲೂ ಮೊದಲ ಮೂರು ಹಲ್ಲು ಸರಿಯಾಗಿ ಬಂದವು, ನಾಲ್ಕನೆಯದು ಮುರಿಯಿತು. ಆಗ ನಿನ್ನ ತಂತಿಹಗ್ಗ, ಹದಿನಾಲ್ಕು ಮಹಡಿಯ ಆ ಕತ್ತಲ ಗುಂಡಿ ಕಣ್ಣಮುಂದೆ ಬಂದು ಗರಗಸ ಕೆಳಗಿಟ್ಟೆ. ಮೂರು ದಿನ ನಿನಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ಉಳಿದದ್ದು ಬುಡದ ತುಂಡು ಒಂದೇ. ಕೀಸಿ ತೆಳುವಾಗಿಸಲು ಹೋಗಲಿಲ್ಲ, ಇದ್ದ ದಪ್ಪದಲ್ಲೇ ಉಸಿರು ಬಿಗಿಹಿಡಿದು ಕೊಯ್ದೆ. ನಾಲ್ಕನೆಯದು ನಿಂತಿತು. ಎಲ್ಲವೂ ನಿಂತವು. ಐದು ಕಚ್ಚು ಹಾಕಿ, ಎಣ್ಣೆ ಹಚ್ಚಿ ಕಿಟಕಿಯಲ್ಲಿ ಒಣಗಿಸಿ, ಅದನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಬರೀ ಚಳಿಯ ವಿಷಯ ಮಾತಾಡಿದೆನಲ್ಲ, ಅದಕ್ಕೆ ಕಾರಣ ಇದು.

ಇಟ್ಟಿಗೆಯಂತಿದೆ ಎಂದು ಬೈಯಬೇಡ. ನಿನ್ನದು ಆಯಿತು, ನನಗಷ್ಟೇ ಸಾಕು. ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ, ಕೂದಲಿದ್ದರೂ ಇಲ್ಲದಿದ್ದರೂ. ಭಾವನ, ಮಗಳ ನೆನಕೆಗಳು. ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ
ಅಕ್ಕ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಭಾವ ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತು, ಅಂಚೆ ಕಚೇರಿ ಮುಚ್ಚುತ್ತೆ ಎಂದು ಕೂಗುತ್ತಿದ್ದಾರೆ. ನಿನ್ನದನ್ನು ಪಾರ್ಸೆಲ್ ಕಟ್ಟುವ ಮೊದಲು ಅಮ್ಮ ಬಾಚಣಿಗೆಗಳನ್ನೆಲ್ಲ ಸಾಲಾಗಿ ಇಡಿಸಿಕೊಂಡು, ಬೆರಳಾಡಿಸಿ ಕಚ್ಚು ಎಣಿಸಿದಳು. ಎರಡು. ಐದು. ಆರು. ಏಳು. ಮತ್ತೆ ಮೊದಲಿನಿಂದ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ "ನಿಂದೆಲ್ಲೇ?" ಅಂದಳು. ಮಾಡಿದ್ದೆನಲ್ಲ ಅಂದೆ. ಅಪ್ಪನ ಅದೇ ಮಾತು ನನ್ನ ಬಾಯಿಂದ ಹೊರಟಿತ್ತು. ಓಡಿಹೋಗಿ ಕೋಣೆಯೆಲ್ಲ ಹುಡುಕಿದೆ. ಕಿಟಕಿಯ ಕಟ್ಟೆಯ ಮೇಲೆ ಎಣ್ಣೆಯ ಗುರುತು ಐದಿವೆ, ಬಾಚಣಿಗೆ ನಾಲ್ಕೇ. ಬಂದದ್ದು ಆರು ತುಂಡು. ಅವರ ಮೂವರಿಗೆ ಮೂರು, ನಿನ್ನೊಬ್ಬನಿಗೇ ಮೂರು. ನನಗೆಂದು ತುಂಡೇ ಇರಲಿಲ್ಲ, ತಮ್ಮಾ. ಹಾಗಾದರೆ ನಾನು ಉಜ್ಜಿದ್ದು ಏನನ್ನು?

ಹಲಗೆ ಮುಗಿದಿದೆ. ಬೇರೆ ಮರ ಬೆರೆಸುವಂತಿಲ್ಲ. ನಿನ್ನದು ಎರಡರಷ್ಟು ದಪ್ಪ. ನಡುವೆ ನೇರವಾಗಿ ಸೀಳಿದರೆ ಇಬ್ಬರಿಗೂ ಆಗುತ್ತದೆ. ಹಾಗೆ ಸೀಳುವುದನ್ನು ಅಪ್ಪ ಕಲಿಸಿದ್ದು ನಿನಗೊಬ್ಬನಿಗೇ. ಇಲ್ಲಿಟ್ಟರೆ ಇದೂ ಕಾಣೆಯಾದೀತು, ಅದಕ್ಕೇ ಪಾರ್ಸೆಲ್ ಕಳಿಸುತ್ತಿದ್ದೇನೆ, ಸಿಕ್ಕ ಮೇಲೆ ಜೇಬಿನಿಂದ ತೆಗೆಯಬೇಡ, ಹಾಗೇ ಇಟ್ಟುಕೊಂಡು ಹೊರಡು. ಹಂಚುವುದು ರಜೆಯ ಮೊದಲ ಭಾನುವಾರ, ಅಷ್ಟರೊಳಗೆ ತಲುಪಬೇಕು. ಗರಗಸ ಅಪ್ಪ ನೇತುಹಾಕಿದ ಮೊಳೆಯಲ್ಲೇ ಇದೆ. ಈ ಸಲ ನಗುವುದು ಬೇಡ. ಬಾ.